ಕಸುಬಿನ ಹೆಸರು

ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಜನಕ್ಕೆ ಸರ್‌ನೇಮ್ ಎಂಬುದೊಂದು ಇರುವುದಿಲ್ಲ. ಹೆಸರಿನ ಮುಂದೆ ಎರಡು ಅಕ್ಷರ ಇರುತ್ತವೆ. ಒಂದು ಊರಿನದು, ಇನ್ನೊಂದು ಅಪ್ಪನದು. ಅಲ್ಲಿಗೆ ನಮ್ಮ ವಂಶಾವಳಿ ಮುಗಿಯಿತು. ಮೇಷ್ಟ್ರಾಗಿ 35 ವರ್ಷ ಹಾಜರಿ ಪುಸ್ತಕ ಕೂಗಿದವನು ನಾನು. ಒಂದೇ ತರಗತಿಯಲ್ಲಿ ಐದು ಮಂದಿ ಮಹದೇವಸ್ವಾಮಿಗಳೂ ನಾಲ್ಕು ಮಂದಿ ಸಿದ್ದರಾಜುಗಳೂ ಕುಳಿತಿರುತ್ತಿದ್ದರು. ಆ ಎರಡು ಅಕ್ಷರಗಳ ಬಲದಿಂದಲೇ ಯಾರ ಪೆಟ್ಟು ಯಾರಿಗೂ ಬೀಳದಂತೆ ಕಾಲ ತಳ್ಳಿದೆ. ಮನೆತನದ ಹೆಸರಿಲ್ಲದಿರುವುದು ಕೊರತೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಅನ್ನಿಸುವಂತೆ ಮಾಡಿದವನು ನನ್ನ ಮೊಮ್ಮಗ. ಅವನಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದಲು ಸೀಟು ಸಿಕ್ಕಿತು. ಪಾಸ್‌ಪೋರ್ಟಿನ ಅರ್ಜಿ ತುಂಬುತ್ತ ಕುಳಿತವನು ಒಂದು ಕಡೆ ನಿಂತುಬಿಟ್ಟ.

“ತಾತ, ಇಲ್ಲಿ ಸರ್‌ನೇಮ್ ಕೇಳ್ತಿದಾರೆ. ಖಾಲಿ ಬಿಟ್ರೆ ಆಮೇಲೆ ಹೋದ ಕಡೆಯೆಲ್ಲ ತೊಂದರೆಯಂತೆ. ನಮ್ಮ ಮನೆತನದ ಹೆಸರೇನು?”

ನಾನು ತಡಮಾಡಲಿಲ್ಲ. “ಶ್ಯಾನುಭೋಗ ಅಂತ ಹಾಕಪ್ಪ. ನಮ್ಮ ತಂದೆಯ ಕಾಲದವರೆಗೂ ನಮ್ಮದು ಶ್ಯಾನುಭೋಗರ ಮನೆಯೇ” ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿದ್ದು ಸುಳ್ಳಲ್ಲ. ತೆರಕಣಾಂಬಿಯ ಕಡೆಯ ಒಂದು ಹಳ್ಳಿಗೆ ನಮ್ಮವರು ತಲೆಮಾರುಗಳಿಂದ ಲೆಕ್ಕ ಬರೆದವರು. ಊರಿನಲ್ಲಿ ಇಂದಿಗೂ ಹಳಬರು ನಮ್ಮ ಪಾಳು ಜಗುಲಿಯನ್ನು ಶ್ಯಾನುಭೋಗರ ಜಗುಲಿ ಎಂದೇ ಗುರುತಿಸುತ್ತಾರೆ. ಮೊಮ್ಮಗ ಬರೆದುಕೊಂಡ. ಒಂದು ಕಸುಬು ಹೀಗೆ ಐದು ನಿಮಿಷದಲ್ಲಿ ವಂಶದ ಹೆಸರಾಯಿತು.

ಆಮೇಲೆ ಆ ಹೆಸರಿನ ಹಿಂದೆ ಬಿದ್ದೆ. ನಿವೃತ್ತರಿಗೆ ಬೇರೇನು ಕೆಲಸ? ಲೂಯಿಸ್ ರೈಸ್ ಸಾಹೇಬರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಕನ್ನಡದ ಹಳೆಯ ಶಾಸನಗಳನ್ನು ನೋಡಿದವರಿಗೆ ‘ಸೇನಬೋವ’ನ ಪರಿಚಯ ಇದ್ದೇ ಇರುತ್ತದೆ. ದಾನ ಕೊಟ್ಟವನ ಬಿರುದುಗಳು, ಹೊಲದ ಎಲ್ಲೆಗಳು, ದಾನವನ್ನು ಅಳಿದವನಿಗೆ ಬರುವ ಪಾಪ ಇವೆಲ್ಲ ಮುಗಿದ ಮೇಲೆ, ಕಲ್ಲಿನ ತುದಿಯಲ್ಲಿ ಎಷ್ಟೋ ಸಲ ಇದನ್ನು ಬರೆದವನು ಇಂಥ ಸೇನಬೋವ ಎಂದು ಒಂದು ಸಾಲು ಇರುತ್ತದೆ. ಆ ಸೇನಬೋವನೇ ನಾಲಿಗೆಯಿಂದ ನಾಲಿಗೆಗೆ ಸವೆದು ಸೇನಭೋಗನಾಗಿ, ಶಾನುಭೋಗನಾಗಿ, ಕರಾವಳಿಯಲ್ಲಿ ಶ್ಯಾನುಭಾಗನಾದ. ‘ಬೋವ’ ಹೋಗಿ ‘ಭೋಗ’ ಬಂದದ್ದರಲ್ಲಿ ಹಳ್ಳಿಯ ಜನದ ಕಿವಿಯ ತಪ್ಪೆಷ್ಟೋ, ಅನುಭವದ ಪಾಲೆಷ್ಟೋ ಎಂದು ನನಗೆ ನಗು ಬಂತು. ಕಂದಾಯ ಕಟ್ಟುವವನ ಕಣ್ಣಿಗೆ ಲೆಕ್ಕ ಬರೆಯುವವನದು ಭೋಗವಾಗಿಯೇ ಕಂಡಿರಬೇಕು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಬಂದ ಮೇಲಂತೂ ಶಾನುಭೋಗರ ಮಗಳು ನಾಡಿನ ಮನೆಮಗಳಾದಳು. ಹೆಸರಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?

ಶ್ಯಾನುಭೋಗ ಒಂಟಿಯಲ್ಲ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತಮ್ಮ ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟಿದ್ದಾರೆ. ಗೌಡ, ಶ್ಯಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲೆ. ಇವರಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ, ಕೆಲವರಿಗೆ ಇನಾಂ ಜಮೀನು. ಕೆಲಸ ಅಪ್ಪನಿಂದ ಮಗನಿಗೆ. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆ ಈ ವಂಶಪಾರಂಪರ್ಯವನ್ನು ಬರಹಕ್ಕೆ ಇಳಿಸಿತು. 1961ರಲ್ಲಿ ಬೇರೊಂದು ಕಾಯಿದೆ ಅದನ್ನು ತೊಡೆದುಹಾಕಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂದಾಗ ನಮ್ಮ ತಂದೆ ಲೆಕ್ಕದ ಪುಸ್ತಕಗಳನ್ನು ಕಟ್ಟಿ ತಾಲ್ಲೂಕು ಕಚೇರಿಗೆ ಒಪ್ಪಿಸಿ ಬಂದು, ಆ ರಾತ್ರಿ ಊಟ ಮಾಡದೆ ಮಲಗಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. ಈಗ ಅವನೇ ಗ್ರಾಮ ಆಡಳಿತಾಧಿಕಾರಿ. ಪಹಣಿ ಕಂಪ್ಯೂಟರಿನಿಂದ ಬರುತ್ತದೆ.

ಉತ್ತರ ಕರ್ನಾಟಕದಲ್ಲಿ ಈ ಕಸುಬುಗಳೆಲ್ಲ ಅಡ್ಡಹೆಸರುಗಳಾಗಿ ನಿಂತಿವೆ. ಪಾಟೀಲ, ಕುಲಕರ್ಣಿ ಮಾತ್ರವಲ್ಲ. ತಳವಾರ, ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಹೂಗಾರ ಎಲ್ಲರೂ ಉಂಟು. ನಮ್ಮ ಕಡೆ ಅವು ಮನುಷ್ಯರಿಗೆ ಅಂಟದೆ ಬೀದಿಗಳಿಗೆ ಅಂಟಿದವು. ಉಪ್ಪಾರ ಬೀದಿ, ಕುಂಬಾರ ಬೀದಿ ಇಲ್ಲದ ಪೇಟೆ ಯಾವುದಿದೆ? ಚಾಮರಾಜನಗರದ ಪಕ್ಕದ ಬೇಡರಪುರದಂತೆ ಇಡೀ ಊರೇ ಬೇಡರ ಹೆಸರನ್ನು ಹೊತ್ತದ್ದೂ ಉಂಟು. ಆದರೆ ಆ ಊರಿನವನು ಪೇಟೆಗೆ ಬಂದರೆ ಊರಿನ ಮೊದಲ ಅಕ್ಷರವಷ್ಟೇ ಜೊತೆಗೆ ಬರುತ್ತದೆ.

ಇಷ್ಟರಲ್ಲಿ ಮೊಮ್ಮಗ ಎಡಿನ್‌ಬರೋ ಸೇರಿದ್ದ. ಅವನ ಮೊದಲ ಫೋನಿನಲ್ಲೇ ಒಂದು ಬೆರಗು ಇತ್ತು. “ತಾತ, ಇಲ್ಲಿ ಎಲ್ಲಾರ ಹೆಸರೂ ನಮ್ಮ ಆಯಗಾರರ ಹೆಸರೇ!” ಸ್ಮಿತ್ ಎಂದರೆ ಕಮ್ಮಾರ. ವೆಬ್‌ಸ್ಟರ್ ನೇಯುವವನು. ಬ್ಯಾಕ್ಸ್‌ಟರ್ ರೊಟ್ಟಿ ಸುಡುವವನು. ಲಾರಿಮರ್ ಕುದುರೆಯ ಕಡಿವಾಣ ಮಾಡುವವನು. ಡರ್ವರ್ಡ್ ಬಾಗಿಲು ಕಾಯುವವನು. ಫಾರೆಸ್ಟರ್ ರಾಜನ ಕಾಡು ಕಾಯುವವನು. ಅವನ ಊರಿನೊಳಗೇ ಸೇರಿಹೋಗಿರುವ ಕಾರ್ಸ್ಟರ್ಫಿನ್ ಎಂಬಲ್ಲಿಯ ಹಳೆಯ ಚರ್ಚಿನಲ್ಲಿ ಫಾರೆಸ್ಟರ್ ಮನೆತನದ ಗೋರಿಗಳಿವೆ. ಅವರ ಲಾಂಛನ ಬೇಟೆಯ ಮೂರು ಕೊಂಬುಗಳು. ಕಾಡು ಕಾಯುವವನು ಊದುತ್ತಿದ್ದ ಕೊಂಬೇ ಗುರಾಣಿಯ ಮೇಲೇರಿ ಮನೆತನದ ಗುರುತಾಯಿತು.

ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಹೆಸರು ಸ್ಟೂವರ್ಟ್. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಮನೆಯ ಕಾವಲಿನವನು, ಎಂದರೆ ಉಗ್ರಾಣ, ಊಟ, ಖರ್ಚುವೆಚ್ಚ ನೋಡಿಕೊಳ್ಳುವ ಪಾರುಪತ್ಯಗಾರ. 12ನೆಯ ಶತಮಾನದಲ್ಲಿ ವಾಲ್ಟರ್ ಫಿಟ್ಜ್ ಅಲನ್ ಎಂಬುವನು ಸ್ಕಾಟ್ಲೆಂಡಿನ ದೊರೆಯ ಪಾರುಪತ್ಯಗಾರನಾದ. ಕೆಲಸ ವಂಶಪಾರಂಪರ್ಯವಾಯಿತು, ಕೆಲಸದ ಹೆಸರೇ ವಂಶದ ಹೆಸರಾಯಿತು. ಆ ಮನೆಯವನೊಬ್ಬ ದೊರೆ ರಾಬರ್ಟ್ ಬ್ರೂಸನ ಮಗಳನ್ನು ಮದುವೆಯಾದ. ಅವರ ಮಗ 1371ರಲ್ಲಿ ಎರಡನೆಯ ರಾಬರ್ಟ್ ಎಂಬ ಹೆಸರಿನಲ್ಲಿ ಸಿಂಹಾಸನವನ್ನೇ ಏರಿದ. 1603ರಲ್ಲಿ ಅದೇ ಮನೆತನ ಇಂಗ್ಲೆಂಡಿಗೂ ಒಡೆಯರಾಯಿತು. ಇಂದಿಗೂ ಬ್ರಿಟಿಷ್ ಸಿಂಹಾಸನದ ಉತ್ತರಾಧಿಕಾರಿಗೆ ಇರುವ ಬಿರುದುಗಳಲ್ಲಿ ‘ಸ್ಕಾಟ್ಲೆಂಡಿನ ಮಹಾ ಪಾರುಪತ್ಯಗಾರ’ ಎಂಬುದೂ ಒಂದು. ಅವರ ಲಾಂಛನವೇನು ಗೊತ್ತೆ? ಸಿಂಹವೂ ಅಲ್ಲ, ಹದ್ದೂ ಅಲ್ಲ. ಚಿನ್ನದ ಬಣ್ಣದ ಗುರಾಣಿಯ ನಡುವೆ ನೀಲಿ, ಬೆಳ್ಳಿಯ ಚೌಕಗಳ ಒಂದು ಪಟ್ಟೆ, ಚದುರಂಗದ ಹಾಸಿನಂತೆ. ಆ ಕಾಲದಲ್ಲಿ ಲೆಕ್ಕ ಮಾಡುವವರು ಮೇಜಿನ ಮೇಲೆ ಚೌಕಳಿ ಬಟ್ಟೆ ಹಾಸಿ ಬಿಲ್ಲೆಗಳನ್ನು ಸರಿಸಿ ಎಣಿಸುತ್ತಿದ್ದರು. ಆ ಬಟ್ಟೆಯೇ ಈ ಪಟ್ಟೆ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ.

ಇದನ್ನು ಕೇಳಿದ ದಿನ ನಾನು ಅಟ್ಟದ ಪೆಟ್ಟಿಗೆಯಲ್ಲಿದ್ದ ನಮ್ಮ ಮುತ್ತಾತನ ಕಡತವನ್ನು ಇಳಿಸಿದೆ. ಇಂದಿನ ಹುಡುಗರಿಗೆ ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆಯ ಪುಸ್ತಕ. ದಪ್ಪ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪು ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸದಿದ್ದರೆ ನೂರು ವರ್ಷವೂ ನಿಲ್ಲುತ್ತದೆ. ಅವರದು ಚೌಕಳಿ ಬಟ್ಟೆ, ನಮ್ಮದು ಕರಿಬಟ್ಟೆ. ನಮಗೂ ಒಂದು ಗುರಾಣಿ ಇದ್ದಿದ್ದರೆ ಅದರ ಮೇಲೆ ಈ ಕಡತ, ಕೆಳಗೊಂದು ಬಳಪ ಎಂದು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡೆ.

ನಮ್ಮಲ್ಲಿ ಲಾಂಛನವಿದ್ದದ್ದು ಅರಸರಿಗೆ. ಗಂಗರಿಗೆ ಆನೆ, ಚಾಳುಕ್ಯರಿಗೆ ವರಾಹ, ಹೊಯ್ಸಳರಿಗೆ ಹುಲಿಯನ್ನು ಇರಿಯುವ ಸಳ, ಮೈಸೂರಿನ ಒಡೆಯರಿಗೆ ಗಂಡಭೇರುಂಡ. ಆ ಎರಡು ತಲೆಯ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಅದು ಕುಳಿತಿರುವ ಗುರಾಣಿ, ಎರಡೂ ಪಕ್ಕಕ್ಕೆ ನಿಂತ ಶರಭಗಳು, ಆ ಜೋಡಣೆ ಮಾತ್ರ ಸ್ಟೂವರ್ಟರ ಕಡೆಯ ಪದ್ಧತಿ. ಉಳಿದವರಲ್ಲಿ ತಮ್ಮ ಹೆಸರನ್ನು ತಾವೇ ಉಳಿಸಿಕೊಂಡವರೆಂದರೆ ಉಳಿ ಹಿಡಿದವರು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಅರಸರಂತೆ ಬಿರುದು ಸಮೇತ ರುಜು ಹಾಕಿದ್ದಾರೆ. ಸೋಮನಾಥಪುರದ ತುಂಬ ಮಲ್ಲಿತಮ್ಮನ ಹೆಸರಿದೆ. ಆ ‘ಓಜ’ ಎಂಬುದೂ ಕಸುಬಿನ ಹೆಸರೇ. ಉಪಾಧ್ಯಾಯ ಎಂಬುದು ಸವೆದು ಆದದ್ದು.

ಸ್ಕಾಟ್ಲೆಂಡಿನಲ್ಲಿ ಈ ಲಾಂಛನಗಳಿಗೆಲ್ಲ ಒಬ್ಬ ಶ್ಯಾನುಭೋಗನಿದ್ದಾನೆ. ಅವನಿಗೆ ಲಾರ್ಡ್ ಲಯನ್ ಎಂದು ಹೆಸರು. ಅವನ ನ್ಯಾಯಾಲಯ ಎಡಿನ್‌ಬರೋದಲ್ಲೇ ಇದೆ. 1672ರ ಕಾಯಿದೆಯಂತೆ ಎಲ್ಲ ಲಾಂಛನಗಳೂ ಅಲ್ಲಿಯ ಪುಸ್ತಕದಲ್ಲಿ ದಾಖಲಾಗಬೇಕು. ಲಾಂಛನ ಹೆಸರಿನದಲ್ಲ, ಒಬ್ಬ ವ್ಯಕ್ತಿಯದು. ಸ್ಟೂವರ್ಟ್ ಎಂದು ಹೆಸರಿದ್ದ ಮಾತ್ರಕ್ಕೆ ಚೌಕಳಿ ಪಟ್ಟೆಯನ್ನು ಬಾಗಿಲಿಗೆ ಬರೆಸಿಕೊಳ್ಳುವಂತಿಲ್ಲ. ಅಂಗಡಿಗಳಲ್ಲಿ ಹೆಸರಿಗೊಂದು ಲಾಂಛನ ಅಂಟಿಸಿ ಮಾರುವ ಲೋಟಗಳಿಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ. ಪುಸ್ತಕದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಸರಿನ ಈ ಹಂಬಲ ಎಂಥದೆಂಬುದಕ್ಕೆ ನಮ್ಮ ನೆಲ ತುಳಿದ ಒಬ್ಬ ಸ್ಕಾಟನೇ ಸಾಕ್ಷಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದರು. ಕಾವೇರಿಯ ದಕ್ಷಿಣಕ್ಕೆ ನಮ್ಮ ಕಡೆಗೂ ಬಂದರು. ಯಾವ ಜಾತಿ, ಯಾವ ಕಸುಬು, ಯಾವ ಬೆಳೆ, ಎಷ್ಟು ಕಂದಾಯ ಎಂದು ಕೇಳಿ ಕೇಳಿ ಬರೆದುಕೊಂಡರು. ಆ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಬಂತು. ಊರಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದಾಗ ಅವರು ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡರು. 1829ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳನ್ನು ಬುಕಾನನ್ ಕುಲಕ್ಕೆ ತಾವೇ ಮುಖ್ಯಸ್ಥರೆಂದು ಸಾಧಿಸುವುದರಲ್ಲಿ ಕಳೆದರು. ಊರೂರಿನ ಜನರ ಕುಲ, ಕಸುಬು ಬರೆದುಕೊಂಡವರಿಗೂ ಕೊನೆಗೆ ತಮ್ಮ ಹೆಸರು ಒಂದು ಪುಸ್ತಕದಲ್ಲಿ ಸರಿಯಾಗಿ ಬಂದಿರಬೇಕೆನ್ನಿಸಿತು.

ಈ ಕಥೆಗಳನ್ನೆಲ್ಲ ನಾನು ಸಂಜೆ ವಾಕಿಂಗಿನಲ್ಲಿ ಹೇಳುತ್ತಿದ್ದದ್ದು ನನ್ನ ಗೆಳೆಯರೊಬ್ಬರಿಗೆ. ಅವರೂ ನಿವೃತ್ತ ಮೇಷ್ಟ್ರು, ಗಣಿತದವರು. ನಮ್ಮಿಬ್ಬರದೂ ಒಂದೇ ಊರು. ನಮ್ಮವರು ಶ್ಯಾನುಭೋಗರಾಗಿದ್ದಾಗ ಅವರ ಮನೆಯವರು ತೋಟಿಗಳು. ಡಂಗುರ ಸಾರುವುದು, ರೈತರನ್ನು ಕಂದಾಯಕ್ಕೆ ಕರೆದು ತರುವುದು, ಲೆಕ್ಕದ ಗಂಟು ಹೊತ್ತು ಶ್ಯಾನುಭೋಗರ ಜೊತೆ ತಾಲ್ಲೂಕಿಗೆ ನಡೆಯುವುದು, ಹಗಲು ರಾತ್ರಿಯೆನ್ನದೆ ಬಂದ ಓಲೆ ಮುಟ್ಟಿಸುವುದು, ಇವು ಆ ಮನೆಯ ಕೆಲಸ. ಗಂಟು ಜಗುಲಿಯ ಮೇಲೆ ಬರುತ್ತಿತ್ತು. ಹೊತ್ತವರು ಜಗುಲಿಯ ಕೆಳಗೇ ನಿಲ್ಲುತ್ತಿದ್ದರು. ಇದನ್ನು ನಾನೂ ಹುಡುಗನಾಗಿ ನೋಡಿದ್ದೇನೆ, ನೋಡಿ ಏನೂ ಅನ್ನಿಸದೆ ಇದ್ದದ್ದೂ ನೆನಪಿದೆ.

ಮೊಮ್ಮಗನ ಪಾಸ್‌ಪೋರ್ಟಿನ ಕಥೆ ಕೇಳಿ ಅವರು ಸ್ವಲ್ಪ ದೂರ ಸುಮ್ಮನೆ ನಡೆದರು.

“ನಿಮ್ ಮೊಮ್ಮಗ ಶ್ಯಾನುಭೋಗ ಅಂತ ಹಾಕೊಂಡ. ಚೆನ್ನಾಗದೆ. ನನ್ನ ಮೊಮ್ಮಗಳೂ ನಾಳೆ ಫಾರಿನ್ನಿಗೆ ಹೊಂಟ್ರೆ ಏನ್ ಹಾಕೊಬೇಕು ಮೇಷ್ಟ್ರೆ?”

ನಾನು ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು. “ನಮ್ದು ಆಳಿಗೆ ಬರ್ನಿಲ್ಲ, ನೆಲಕ್ಕೆ ಬಂತು ಕನ. ಪಾಣಿಲಿ ಇನ್ನೂ ತೋಟಿ ಇನಾಂತಿ ಅಂತ್ಲೆ ಅದೆ.”

ಅದು ನಿಜ. ನಮ್ಮ ತಂದೆ ಊಟ ಬಿಟ್ಟು ಮಲಗಿದ ಆ ಕಾಯಿದೆಯೇ ತೋಟಿ, ತಳವಾರ, ನೀರಗಂಟಿಗಳ ಸೇವೆಯ ಜಮೀನನ್ನು ಸೇವೆಯ ಹಂಗಿನಿಂದ ಬಿಡಿಸಿ ಅವರಿಗೇ ಮರಳಿ ಮಂಜೂರು ಮಾಡಲು ದಾರಿ ಮಾಡಿತು. ನಮಗೆ ಹೋದದ್ದು ಜಗುಲಿಯ ದೊಡ್ಡಸ್ತಿಕೆ. ಅವರಿಗೆ ಬಂದದ್ದು ಎರಡು ಎಕರೆ ಹೊಲ. ಆ ಹೊಲದ ರಾಗಿ ತಿಂದೇ ಗೆಳೆಯರು ಮೈಸೂರಿನಲ್ಲಿ ಓದಿದರು. ಆದರೆ ಆ ಕಸುಬಿನ ಹೆಸರನ್ನು ಯಾರೂ ಮೈಮೇಲೆ ಹಾಕಿಕೊಳ್ಳಲಿಲ್ಲ. ಉತ್ತರದಲ್ಲಿ ತಳವಾರ ಎಂಬ ಹೆಸರು ಹೊತ್ತು ತಲೆಯೆತ್ತಿ ನಡೆಯುವವರಿದ್ದಾರೆ. ಡರ್ವರ್ಡನೂ ಬಾಗಿಲು ಕಾಯುವವನೇ ತಾನೆ? ಕೆಲಸದಲ್ಲಿ ಕೀಳುಮೇಲು ಇರಲಿಲ್ಲ, ಅದನ್ನು ಕೂಗಿದ ದನಿಯಲ್ಲಿತ್ತು.

ಅಂದು ರಾತ್ರಿ ನನಗೆ ನೆನಪಾದವಳು ಯಳಂದೂರಿನ ಹೊನ್ನಮ್ಮ. ತಂದೆಯ ನೆನಪಿಗೆ ನಮ್ಮ ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇವಸ್ಥಾನ ಕಟ್ಟಿಸಿದ ಚಿಕದೇವರಾಜ ಒಡೆಯರ (1673–1704) ಅರಮನೆಯಲ್ಲಿ, ಯಳಂದೂರಿನಿಂದ ಬಂದ ರಾಣಿ ದೇವಾಜಮ್ಮಣ್ಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ಅಳಸಿಂಗಾರ್ಯರಲ್ಲಿ ಪಾಠ ಹೇಳಿಸಿಕೊಂಡು ಅವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಮುನ್ನೂರು ವರ್ಷಗಳಾದರೂ ನಾವು ಅವಳನ್ನು ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತೇವೆ. ಆ ಸಂಚಿ ಅವಳಿಗೆ ಕೀಳಾಗಲಿಲ್ಲ, ಸ್ಟೂವರ್ಟರ ಚೌಕಳಿ ಪಟ್ಟೆಯಂತೆ ಗುರುತಾಗಿ ನಿಂತಿತು. ಏಕೆಂದರೆ ಸಂಚಿಯ ಜೊತೆಗೆ ಹೊನ್ನಮ್ಮ ಎಂಬ ಹೆಸರೂ ಉಳಿದಿದೆ. ಸಂಚಿಯವಳು ಎಂದಷ್ಟೇ ಬರೆದಿಟ್ಟಿದ್ದರೆ?

ಈ ಪ್ರಶ್ನೆ ಸುಮ್ಮನೆ ಬರಲಿಲ್ಲ. ಮುತ್ತಾತನ ಕಡತ ಮೇಜಿನ ಮೇಲೇ ಇತ್ತು.

ಮರುದಿನ ಗೆಳೆಯರನ್ನು ಮನೆಗೆ ಕರೆದೆ. ಅವರ ಮುತ್ತಜ್ಜ ನಮ್ಮ ಮುತ್ತಾತನ ಕಾಲದಲ್ಲಿ ತೋಟಿಯಾಗಿದ್ದವರು. ಮಾರ್ನಮಿಗೆ ಹಿರಿಯರಿಗೆ ಎಡೆ ಇಡುವಾಗ ಅವರ ಹೆಸರು ಹೇಳುವ ವಾಡಿಕೆ ಆ ಮನೆಯಲ್ಲಿದೆ. ಬೇರೆ ಕುರುಹು ಏನೂ ಇಲ್ಲ, ಪಟವಿಲ್ಲ, ಕಾಗದವಿಲ್ಲ. ಕಡತದಲ್ಲಿ ಹೆಸರು ಇದ್ದರೆ ನೋಡಬೇಕೆಂದು ಅವರು ಬಂದರು. ಇಬ್ಬರೂ ಕನ್ನಡಕ ಏರಿಸಿಕೊಂಡು ಮೋಡಿ ಅಕ್ಷರದ ಜೊತೆ ಗುದ್ದಾಡಿದೆವು. ರೈತರ ಹೆಸರುಗಳಿದ್ದವು, ಅವರ ಅಪ್ಪಂದಿರ ಹೆಸರುಗಳಿದ್ದವು. ಗೌಡರ ಹೆಸರಿನ ಮುಂದೆ ಮರ್ಯಾದೆಯ ಮಾತುಗಳಿದ್ದವು. ಪ್ರತಿ ಲೆಕ್ಕದ ಕೆಳಗೂ ನಮ್ಮ ಮುತ್ತಾತನ ರುಜು, ಹಳೆಯ ಸೇನಬೋವನ ಪದ್ಧತಿಯಂತೆಯೇ. ದೇವಸ್ಥಾನದ ಎತ್ತುಗಳಿಗೂ ಹೆಸರಿದ್ದವು.

ಆಯದ ಪಟ್ಟಿ ಸಿಕ್ಕಿತು. ಖಂಡುಗ ಕೊಳಗಗಳ ಲೆಕ್ಕದಲ್ಲಿ ‘ತೋಟಿಗೆ’ ಇಷ್ಟು. ಮುಂದಿನ ವರ್ಷ ‘ತೋಟಿಗೆ’ ಇಷ್ಟು. ಅದರ ಮುಂದಿನ ವರ್ಷವೂ ‘ತೋಟಿಗೆ’ ಇಷ್ಟು. ಕೊನೆಯ ಮಡಿಕೆಯವರೆಗೂ ಬಿಡಿಸಿದೆವು. ಹೆಸರು ಎಲ್ಲಿಯೂ ಇರಲಿಲ್ಲ.

ಬರೆದವನು ನನ್ನ ಮುತ್ತಾತ. ದಿನಬೆಳಗಾದರೆ ಆ ಮನುಷ್ಯನನ್ನು ಕೂಗಿ ಕರೆದವನು, ಅವನ ತಲೆಯ ಮೇಲೆ ಈ ಕಡತದ ಗಂಟನ್ನೇ ಹೊರಿಸಿ ಹರದಾರಿ ಹರದಾರಿ ನಡೆಸಿದವನು. ಹೆಸರು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಒಂದು ಹೆಸರು ಬರೆಯಲು ಎಷ್ಟು ಬಳಪ ಖರ್ಚಾಗುತ್ತಿತ್ತು? ನನ್ನ ಮೊಮ್ಮಗನ ಪಾಸ್‌ಪೋರ್ಟಿನಲ್ಲಿ ಈಗ ಇರುವ ಹೆಸರು ಈ ಕೈಯದೇ. ನಮ್ಮ ಕಸುಬಿನ ಹೆಸರು ನಮಗೆ ಬಿರುದಾಯಿತು, ಏಕೆಂದರೆ ಬಳಪ ನಮ್ಮ ಕೈಯಲ್ಲಿತ್ತು.

“ಕ್ಷಮಿಸಿ ಮೇಷ್ಟ್ರೆ” ಎಂದೆ. ಬೇರೆ ಮಾತು ಸಿಗಲಿಲ್ಲ.

“ನೀವ್ ಬರ‍್ದಿದ್ದಾ? ಬುಡಿ” ಎಂದರು. ಎಂದವರು ಕಡತದ ಆ ಮಡಿಕೆಯಿಂದ ಕೈ ತೆಗೆಯಲಿಲ್ಲ.

ಒಳಗೆ ಹೋಗಿ ಒಂದು ಬಳಪ ಹುಡುಕಿ ತಂದೆ. ಅವರು ಮುತ್ತಜ್ಜನ ಹೆಸರು ಹೇಳಿದರು. ‘ತೋಟಿ’ ಎಂಬ ಮೊದಲ ಬರಹದ ಪಕ್ಕದಲ್ಲಿ, ನನ್ನ ಮೇಷ್ಟ್ರ ಕೈಬರಹದಲ್ಲಿ, ದುಂಡಗೆ ಆ ಹೆಸರು ಬರೆದೆ. ಹಳೆಯ ದಾಖಲೆಯಲ್ಲಿ ಹೊಸದಾಗಿ ಬರೆಯುವುದು ತಪ್ಪೆಂದು ಚರಿತ್ರೆ ಬಲ್ಲವರು ಹೇಳಬಹುದು. ಒಪ್ಪುತ್ತೇನೆ. ಬರೆದ ದಿನಾಂಕವನ್ನೂ ನನ್ನ ರುಜುವನ್ನೂ ಕೆಳಗೆ ಹಾಕಿದ್ದೇನೆ, ಶ್ಯಾನುಭೋಗರ ಮನೆಯವನಲ್ಲವೆ?

ಗೆಳೆಯರು ಬಗ್ಗಿ ನೋಡಿದರು. “ಅಕ್ಷರ ಚೆನ್ನಾಗದೆ. ಆದ್ರೆ ಬಳಪ ಕನ ಮೇಷ್ಟ್ರೆ, ಕೈ ಸೋಕುದ್ರೆ ಅಳಿಸೋಯ್ತದೆ” ಎಂದರು.

ಅದಕ್ಕೇ ಇಲ್ಲಿ ಇಷ್ಟನ್ನು ಬರೆದಿದ್ದೇನೆ. ಅವರ ಮುತ್ತಜ್ಜನ ಹೆಸರನ್ನು ಮಾತ್ರ ಅಚ್ಚು ಮಾಡಿಸಲಿಲ್ಲ. ಅದನ್ನು ಎಲ್ಲಿ, ಯಾರು ಬರೆಯಬೇಕೆಂಬುದು ಆ ಮನೆಯವರಿಗೆ ಸೇರಿದ್ದು. ಗೆಳೆಯರ ಮೊಮ್ಮಗಳು ಈಗ ಪಿಯುಸಿ. ಒಂದು ನೋಟ್‌ಬುಕ್ಕಿನಲ್ಲಿ ಅಜ್ಜನಿಂದ ಕೇಳಿ ಕೇಳಿ ಹಿರಿಯರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಾಳಂತೆ, ಪೆನ್ನಿನಲ್ಲಿ.